ನೆಲ್ಲಿನ ಕುತ್ತಿಗೆ ಮುರಿದರೆ ಉದ್ರಿ ಖಾತೆ ಯಾರು ತೀರಿಸಬೇಕು?

ರಾಯಚೂರು ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ಮಾನ್ವಿ ಬಸ್ಸು ಹತ್ತಿ ಕೂತವರಿಗೆ ಈ ಮಾತು ಹೊಸದಲ್ಲ. ಅಕ್ಟೋಬರ್ ಮುಗಿಯುತ್ತ ಬಂತೆಂದರೆ ಹಿಂದಿನ ಸೀಟಿನಿಂದ ಕೇಳಿಬರುತ್ತದೆ:

“ಏನಪಾ, ನಿಮ್ಮ ನೆಲ್ಲಿಗೆ ಬೆಂಕಿ ಬಂತೇನು?”

“ಬಂದೈತಿ ಬಿಡೋ. ಎರಡು ಸಲ ಎಣ್ಣಿ ಹೊಡದೀನಿ. ಇನ್ನೊಮ್ಮಿ ಹೊಡಿ ಅಂತಾನ ಅಂಗಡಿಯಾಂವ.”

ಪಟ್ಟಣದ ಓದುಗರು ಗಾಬರಿಯಾಗಬೇಕಿಲ್ಲ. ಅಗ್ನಿಶಾಮಕ ದಳದವರನ್ನು ಕರೆಸುವಂಥ ಬೆಂಕಿಯಲ್ಲ ಇದು. ಭತ್ತದ ಬೆಂಕಿ ರೋಗ. ರೊಟ್ಟಿಯ ಮೇಲೆ ಬೂಷ್ಟು ಹಿಡಿಯುತ್ತದಲ್ಲ, ಆ ಜಾತಿಯ ಒಂದು ಶಿಲೀಂಧ್ರದ ಕೆಲಸ. ಎಲೆಯ ಮೇಲೆ ಮೊದಲು ಕಣ್ಣಿನಾಕಾರದ ಚುಕ್ಕೆ ಬೀಳುತ್ತದೆ. ಅಂಚು ಕಂದು, ನಡುವೆ ಬೂದಿ ಬಣ್ಣ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡರೆ ಗದ್ದೆಗೆ ಗದ್ದೆಯೇ ಸುಟ್ಟಂತೆ ಕಾಣುತ್ತದೆ. ತೆನೆ ಹೊರಬಂದ ಮೇಲೆ ಇದೇ ರೋಗ ತೆನೆಯ ಕುತ್ತಿಗೆಗೆ ಬಿದ್ದರೆ ಕಥೆ ಮುಗಿಯಿತು. ಕುತ್ತಿಗೆ ಕಪ್ಪಾಗಿ ಮುರಿಯುತ್ತದೆ, ಕಾಳಿನೊಳಗೆ ಹಾಲು ತುಂಬುವುದಿಲ್ಲ. ವರ್ಷವೆಲ್ಲ ದುಡಿದ ರೈತ ಕೊನೆಗೆ ಕೊಯ್ಯುವುದು ಬರೇ ಜೊಳ್ಳು.

“ನಮಗೇನ್ರೀ ಅದು, ನಾವು ಅಂಗಡಿಕಾರರು” ಎನ್ನುವವರು ಸ್ವಲ್ಪ ತಾಳಬೇಕು. ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಉದ್ರಿ ಖಾತೆ ಇದೆಯಲ್ಲ, ಅದರ ಹಾಳೆ ತಿರುವಿ ನೋಡಿ. ಸುಗ್ಗಿಗೆ ಕೊಡುತ್ತೇನೆಂದು ಬರೆಸಿ ಹೋದವರು ಎಷ್ಟು ಜನ? ಬಟ್ಟೆ ಅಂಗಡಿಯ ಬಾಕಿ, ಕಿರಾಣಿ ಬಾಕಿ, ಗೊಬ್ಬರದ ಬಾಕಿ, ಮಗಳ ಮದುವೆಗೆ ಕೊಂಡ ಪಾತ್ರೆಯ ಬಾಕಿ, ಎಲ್ಲವೂ ಆ ತೆನೆಯ ಕುತ್ತಿಗೆಗೇ ಜೋತುಬಿದ್ದಿವೆ. ನೆಲ್ಲಿನ ಕುತ್ತಿಗೆ ಮುರಿದ ವರ್ಷ ರಾಜೇಂದ್ರ ಗಂಜಿನಲ್ಲಿ ಹಮಾಲನ ಕೂಲಿಯೂ ಮುರಿಯುತ್ತದೆ, ಮಿಲ್ಲಿನ ಪಟ್ಟಾ ತಿರುಗುವುದೂ ಕಡಿಮೆಯಾಗುತ್ತದೆ.

ಹಾಗಿದ್ದರೆ ಎಣ್ಣೆ ಹೊಡೆಯುವ ಹೊತ್ತು ಬರುವ ಮೊದಲೇ, ಬೀಜ ಕೊಳ್ಳುವಾಗಲೇ ಈ ರೋಗವನ್ನು ತಡೆಯಲು ಬಾರದೇ? ಬಹುಮಟ್ಟಿಗೆ ಬರುತ್ತದೆ. ಅದಕ್ಕೆಂದೇ ಸರ್ಕಾರ ಹಣ ಸುರಿದು, ವಿಜ್ಞಾನಿಗಳನ್ನಿಟ್ಟು, ದಶಕಗಳಿಂದ ಒಂದು ಕೆಲಸ ಮಾಡಿಸುತ್ತಿದೆ. ಆ ಕೆಲಸದ ಫಲ ಬೀಜದ ಚೀಲದ ಮೇಲೆ ಮಾತ್ರ ಬರುವುದಿಲ್ಲ. ಇಂದಿನ ನಮ್ಮ ದೂರು ಅದೇ.

ರೋಗವನ್ನು ಸಾಕುವ ಮಡಿ

ಆ ಕೆಲಸದ ಹೆಸರು ತಳಿ ಪರೀಕ್ಷೆ. ಜೋಳವನ್ನು ಜರಡಿ ಹಿಡಿದಂತೆ ತಳಿಗಳನ್ನು ಜರಡಿ ಹಿಡಿಯುವುದು. ಇದನ್ನು ಮೊದಲ ಸಲ ನೋಡಿದವರಿಗೆ ವಿಜ್ಞಾನಿಗಳ ತಲೆ ಕೆಟ್ಟಿದೆಯೇ ಅನ್ನಿಸಬಹುದು. ಏಕೆಂದರೆ ರೈತ ಓಡಿಸಲು ನೋಡುವ ರೋಗವನ್ನು ಇವರು ಅಕ್ಕರೆಯಿಂದ ಸಾಕುತ್ತಾರೆ.

ಭತ್ತಕ್ಕೆ ಅದು ಹೀಗೆ ನಡೆಯುತ್ತದೆ. ಒಂದು ಸಸಿಮಡಿ ಮಾಡಿ ಪರೀಕ್ಷೆಯ ತಳಿಗಳನ್ನು ಒಂದೊಂದು ಸಾಲಾಗಿ ಒತ್ತೊತ್ತಾಗಿ ಬಿತ್ತುತ್ತಾರೆ. ಮಡಿಯ ಸುತ್ತಲೂ, ನಡುನಡುವೆಯೂ ರೋಗಕ್ಕೆ ಬಲುಬೇಗ ತುತ್ತಾಗುವ ತಳಿಯ ಸಾಲು ಹಾಕುತ್ತಾರೆ. ಎಚ್‌ಆರ್ 12 ಎಂಬ ತಳಿ ಈ ಬಡಪಾಯಿ ಕೆಲಸಕ್ಕೆ ಹೆಸರುವಾಸಿ. ರೋಗ ಮೊದಲು ಅದರ ಮೇಲೆ ಬೆಳೆದು ಪಕ್ಕದ ಸಾಲುಗಳಿಗೆ ಹಾರುತ್ತದೆ. ಮಡಿಗೆ ಬೇಕೆಂತಲೇ ಯೂರಿಯಾ ಹೆಚ್ಚು ಕೊಡುತ್ತಾರೆ, ಏಕೆಂದರೆ ಸಾರಜನಕ ಹೆಚ್ಚಾದ ಎಲೆ ಈ ಶಿಲೀಂಧ್ರಕ್ಕೆ ಹಬ್ಬದೂಟ. ಎಲೆ ಒಣಗದಂತೆ ನೀರು ಚಿಮುಕಿಸಿ, ರಾತ್ರಿ ಪಾಲಿಥೀನ್ ಹೊದಿಸುತ್ತಾರೆ. ಅದೂ ಸಾಲದಿದ್ದರೆ ಶಿಲೀಂಧ್ರದ ಬೀಜಕಣಗಳನ್ನು ನೀರಿನಲ್ಲಿ ಕಲಸಿ ಸಿಂಪಡಿಸುತ್ತಾರೆ.

ಸುಮಾರು ಒಂದು ತಿಂಗಳಿಗೆ ಅಂಕ ಹಾಕುವ ದಿನ ಬರುತ್ತದೆ. ಶಾಲೆಯ ಅಂಕಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಇಲ್ಲಿ ಸೊನ್ನೆ ಪಡೆದವನೇ ಮೊದಲನೆಯವ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಗೊತ್ತುಮಾಡಿದ 0ರಿಂದ 9ರ ಅಳತೆ ಎಲ್ಲ ಕಡೆ ಚಾಲ್ತಿಯಲ್ಲಿದೆ. ಕಲೆಯೇ ಇಲ್ಲದಿದ್ದರೆ 0. ಸೂಜಿಮೊನೆಯಷ್ಟು ಚುಕ್ಕೆ ಇದ್ದರೆ 1. ಕಣ್ಣಿನಾಕಾರದ ಅಸಲಿ ಕಲೆ ಬಂದು ಎಲೆಯ ಶೇಕಡಾ 4ರಿಂದ 10 ಭಾಗ ಹಿಡಿದರೆ 5. ಮುಕ್ಕಾಲಿಗಿಂತ ಹೆಚ್ಚು ಎಲೆ ಸುಟ್ಟರೆ 9. ಮೂರರೊಳಗೆ ನಿಂತವರು ಮುಂದಿನ ತರಗತಿಗೆ, ಉಳಿದವರು ಮನೆಗೆ.

“ರೋಗ ಬಾರದ ಹೊಲದಲ್ಲಿ ಹಾಕಿ ಇಳುವರಿ ನೋಡಿದರೆ ಸಾಲದೇನು?” ಎಂದು ಯಾರಾದರೂ ಕೇಳಬಹುದು. ರೋಗವಿಲ್ಲದ ಹೊಲದಲ್ಲಿ ಎಲ್ಲ ತಳಿಯೂ ಶೂರನೇ. ಜಟ್ಟಿಯ ತಾಕತ್ತು ಗೊತ್ತಾಗಬೇಕಾದರೆ ಅಖಾಡಕ್ಕೆ ಇಳಿಸಬೇಕು. ಇನ್ನೊಂದು ಮೋಸವೂ ಉಂಟು. ಕೆಲವು ತಳಿ ಬೇಗ ತೆನೆ ಹಾಕಿ, ಇಬ್ಬನಿಯ ದಿನಗಳು ಬರುವುದರೊಳಗೆ ತಪ್ಪಿಸಿಕೊಳ್ಳುತ್ತದೆ. ಅದು ತಾಕತ್ತಲ್ಲ, ಅದೃಷ್ಟ. ಅದೇ ತಳಿಯನ್ನು ಮಾನ್ವಿಯ ಕೊನೆ ಭಾಗದಲ್ಲಿ, ಕಾಲುವೆ ನೀರು ತಡವಾಗಿ ಬಂದ ವರ್ಷ, ತಡವಾಗಿ ನಾಟಿ ಮಾಡಿದರೆ ಬಣ್ಣ ಬಯಲಾಗುತ್ತದೆ.

ಎಲೆಗೆ ಗೆದ್ದವ ಕುತ್ತಿಗೆಗೆ ಸೋತಾನು

ಮಡಿಯಲ್ಲಿ ಗೆದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಲೆಯ ಮೇಲೆ ರೋಗ ತಡೆದ ತಳಿ ಕುತ್ತಿಗೆಯಲ್ಲಿ ಸೋಲಬಹುದು. ಆದ್ದರಿಂದ ಗದ್ದೆಯಲ್ಲಿ ತೆನೆ ಬಂದ ಮೇಲೆ ಇನ್ನೊಂದು ಪರೀಕ್ಷೆ. ಶಿಲೀಂಧ್ರದಲ್ಲೂ ಪಂಗಡಗಳಿವೆ. ಮಂಡ್ಯದಲ್ಲಿರುವ ಪಂಗಡವೇ ಗಂಗಾವತಿಯಲ್ಲೂ ಇರಬೇಕೆಂಬ ನಿಯಮವಿಲ್ಲ. ಅದಕ್ಕೇ ಒಂದೇ ತಳಿಯನ್ನು ಹತ್ತಾರು ಊರುಗಳಲ್ಲಿ ಪರೀಕ್ಷಿಸಬೇಕು. 1965ರಲ್ಲಿ ಶುರುವಾದ ಅಖಿಲ ಭಾರತ ಭತ್ತ ಸಂಶೋಧನಾ ಯೋಜನೆ ಈ ಕೆಲಸವನ್ನು ಹೈದರಾಬಾದಿನಿಂದ ನಡೆಸುತ್ತ ಬಂದಿದೆ. ಕರ್ನಾಟಕದಲ್ಲಿ ಕೊಡಗಿನ ಪೊನ್ನಂಪೇಟೆ, ಮಂಡ್ಯ, ಗಂಗಾವತಿ ಇದರಲ್ಲಿ ಕೈ ಜೋಡಿಸಿವೆ.

ಗಂಗಾವತಿ ಒಂದು ಕಾಲಕ್ಕೆ ರಾಯಚೂರು ಜಿಲ್ಲೆಗೇ ಸೇರಿದ್ದ ಊರು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ಇಂದು ನಮ್ಮೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಲಿಂಗಸುಗೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ದಿನವೂ ಕಾಣುವ ವಿಶ್ವವಿದ್ಯಾಲಯವೇ ಅದು. ಧಾರವಾಡದಿಂದ ಬೇರೆಯಾಗಿ 2009ರಲ್ಲಿ ಸ್ವತಂತ್ರವಾಯಿತು. ಗಂಗಾವತಿ ಸೋನಾ ಎಂಬ ಭತ್ತದ ತಳಿ ಬಂದದ್ದು ಆ ಕೇಂದ್ರದಿಂದಲೇ. ನಮ್ಮ ಜನ ಕೃಷಿ ಮೇಳಕ್ಕೆ ಹೋಗಿ ಟ್ರ್ಯಾಕ್ಟರ್ ನೋಡಿ, ಮಿರ್ಚಿ ಭಜಿ ತಿಂದು ಬರುತ್ತಾರೆ. ರೋಗದ ಮಡಿ ಎಲ್ಲಿದೆ ಎಂದು ಕೇಳುವವರು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಂದು ತಳಿ ಸಂಕರವಾಗಿ, ಜರಡಿಗಳನ್ನೆಲ್ಲ ದಾಟಿ, ರೈತನ ಕೈಗೆ ಬರಲು ಎಂಟು-ಹತ್ತು ವರ್ಷ ಹಿಡಿಯುತ್ತದೆ. ತಾಕತ್ತಿರುವ ತಳಿಗೆ ರುಚಿ ಇರಬೇಕೆಂದಿಲ್ಲ ಎಂಬುದು ಇನ್ನೊಂದು ತೊಡಕು. ವಿಯೆಟ್ನಾಮಿನ ಟೆಟೆಪ್ ಎಂಬ ತಳಿಗೆ ಬೆಂಕಿ ರೋಗ ತಡೆಯುವ ಶಕ್ತಿ ಚೆನ್ನಾಗಿದೆ. ಆದರೆ ಅದರ ಅಕ್ಕಿ ನಮ್ಮ ಗಿರಾಕಿಗೆ ಬೇಕಾದ ಸಣ್ಣಕ್ಕಿಯಲ್ಲ. ಅದರ ಗುಣವನ್ನು ಸಣ್ಣ ಅಕ್ಕಿಯ ತಳಿಗೆ ಸೇರಿಸಬೇಕು, ಜೊತೆಗೆ ಅದರ ದಪ್ಪ ಕಾಳು ಬರಬಾರದು. ಇದು ಒಂದು ಸಂಕರಕ್ಕೆ ಮುಗಿಯುವ ಕೆಲಸವಲ್ಲ. ಮತ್ತೆ ಮತ್ತೆ ಸಣ್ಣಕ್ಕಿಯ ತಳಿಯೊಂದಿಗೇ ಕೂಡಿಸಿ, ಪ್ರತಿ ಸಲವೂ ರೋಗದ ಮಡಿಗೆ ಹಾಕಿ ಆರಿಸಬೇಕು.

ಸೋನಾ ಎಂಬ ಒಂದು ಹೆಸರು

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಮಾನ್ವಿ, ಸಿಂಧನೂರು. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯ ಕೆಳಗೆ ದೇವದುರ್ಗ. ನೀರು ಬಂದಲ್ಲೆಲ್ಲ ಜೋಳ, ಸಜ್ಜೆ ಹಿಂದೆ ಸರಿದು ನೆಲ್ಲು ಬಂತು. ನೆಲ್ಲಿನಲ್ಲೂ ಬಹುಕಾಲ ಒಂದೇ ತಳಿಯದ್ದೇ ದರ್ಬಾರು. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ. ಗಿರಾಕಿ ಸೋನಾ ಮಸೂರಿ ಎಂದು ಒಯ್ಯುವ ಚೀಲಗಳಲ್ಲಿ ಇದರ ಪಾಲು ದೊಡ್ಡದು. ಅಸಲು ಸೋನಾ ಮಸೂರಿಯ ನಂಬರೇ ಬೇರೆ, ಬಿಪಿಟಿ 3291.

5204ರ ಅಕ್ಕಿ ಸಣ್ಣ, ಅನ್ನ ಮಲ್ಲಿಗೆ, ಬೆಲೆ ಚಲೋ. ಒಂದೇ ಕೊರತೆ. ಬೆಂಕಿ ರೋಗದ ಎದುರು ಅದು ನಿಲ್ಲುವುದಿಲ್ಲ. ಅದಕ್ಕೇ ಎಣ್ಣೆಯ ಮೇಲೆ ಎಣ್ಣೆ. ಲೀಟರಿಗೆ 0.6 ಗ್ರಾಂ ಟ್ರೈಸೈಕ್ಲಾಜೋಲ್ ಎಂಬ ಲೆಕ್ಕ ಈ ಭಾಗದ ರೈತರಿಗೆ ಬಾಯಿಪಾಠ. ಆ ಔಷಧಿಯ ವಿಷಯದಲ್ಲಿ ಹೊರದೇಶದವರು ಬಿಗಿಯಾಗಿದ್ದಾರೆ. ಯುರೋಪಿನವರು ಅಕ್ಕಿಯಲ್ಲಿ ಕಿಲೋಗೆ 1 ಮಿಲಿಗ್ರಾಂ ಇದ್ದ ಮಿತಿಯನ್ನು 2017ರಲ್ಲಿ 0.01ಕ್ಕೆ ಇಳಿಸಿದರು. ಬಾಸ್ಮತಿ ವ್ಯಾಪಾರಿಗಳಿಗೆ ಬಿಸಿ ತಟ್ಟಿತು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ 2021ರಲ್ಲಿ ಬೆಂಕಿ ರೋಗವನ್ನೂ ದುಂಡಾಣು ಅಂಗಮಾರಿಯನ್ನೂ ತಡೆಯುವ ಪೂಸಾ ಬಾಸ್ಮತಿ 1847 ಎಂಬ ತಳಿ ಕೊಟ್ಟಿತು. ವಿದೇಶಕ್ಕೆ ಹೋಗುವ ಅಕ್ಕಿಗೆ ಇಷ್ಟು ಕಾಳಜಿಯಾದರೆ ನಾವು ಉಣ್ಣುವ ಅಕ್ಕಿಗೆ ಎಷ್ಟಿರಬೇಕು?

ಇತ್ತೀಚಿನ ವರ್ಷಗಳಲ್ಲಿ ನಮ್ಮ ರೈತರ ಬಾಯಲ್ಲಿ ಇನ್ನೊಂದು ಹೆಸರು ಓಡಾಡುತ್ತಿದೆ: ಆರ್‌ಎನ್‌ಆರ್. ಹೈದರಾಬಾದಿನ ರಾಜೇಂದ್ರನಗರದಲ್ಲಿ ಹುಟ್ಟಿದ ಆರ್‌ಎನ್‌ಆರ್ 15048, ತೆಲಂಗಾಣ ಸೋನಾ. ಅದೂ ಸಣ್ಣಕ್ಕಿ, ಅವಧಿ ಕಡಿಮೆ, ಜೊತೆಗೆ ಬೆಂಕಿ ರೋಗ ತಡೆಯುವ ಗುಣ. ಜರಡಿಯಿಂದ ಬಂದ ಲಾಭಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ “ಸಿಕ್ಕಿತಪ್ಪಾ ರಾಮಬಾಣ” ಎಂದು ಇಡೀ ತಾಲೂಕು ಅದೊಂದನ್ನೇ ಬಿತ್ತಿದರೆ? ಅಲ್ಲಿಯೇ ಅಪಾಯ ಶುರು.

ಸಜ್ಜೆ ಕಲಿಸಿದ ಪಾಠ

ಈ ಪಾಠವನ್ನು ನಮ್ಮ ಹಿರಿಯರ ಕಾಲದಲ್ಲಿ ಸಜ್ಜೆ ಒಮ್ಮೆ ಕಲಿಸಿದೆ. 1965ರಲ್ಲಿ ಲೂಧಿಯಾನಾದಿಂದ ಎಚ್‌ಬಿ 1 ಎಂಬ ಹೈಬ್ರಿಡ್ ಸಜ್ಜೆ ಬಂತು. ಹಳೆಯ ಸಜ್ಜೆ ಅದರ ಮುಂದೆ ಮಂಕಾಯಿತು. ದೇಶದ ಸಜ್ಜೆ ಉತ್ಪನ್ನ ಏರಿ 1970ರ ಸುಮಾರಿಗೆ 80 ಲಕ್ಷ ಟನ್ನಿನ ಆಸುಪಾಸು ಮುಟ್ಟಿತು. ಆಮೇಲೆ ಕೇದಿಗೆ ರೋಗ ಅಪ್ಪಳಿಸಿತು. ಎಲೆಯ ಕೆಳಗೆ ಬಿಳಿ ಬೂಜು, ತೆನೆ ಬರುವ ಜಾಗದಲ್ಲಿ ಕಾಳಿನ ಬದಲು ಹಸಿರು ಎಲೆಯ ಗೊಂಚಲು. 1971ರಿಂದ ಮುಂದೆ ಉತ್ಪನ್ನ ಕುಸಿಯಿತು. ಬರಗಾಲದ ಪಾಲೂ ಇತ್ತು, ರೋಗದ ಪಾಲೂ ಇತ್ತು.

ಕಾರಣ ಏನೆಂದು ನೋಡಿದರೆ, ಎಚ್‌ಬಿ 1ಕ್ಕೂ ಅದರ ಬೆನ್ನಿಗೆ ಬಂದ ತಮ್ಮಂದಿರಿಗೂ ತಾಯಿ ಒಬ್ಬಳೇ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಊರಿನಿಂದ ಬಂದ ಟಿಫ್ಟ್ 23ಎ ಎಂಬ ತಳಿ. ಆ ತಾಯಿಗೆ ಕೇದಿಗೆ ರೋಗ ತಡೆಯುವ ಶಕ್ತಿ ಇರಲಿಲ್ಲ. ಚೀಲದ ಮೇಲೆ ಹೆಸರು ಬೇರೆ ಬೇರೆ, ಒಳಗಿನ ದೌರ್ಬಲ್ಯ ಒಂದೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಬೆಳೆ ಹೋದ ಮೇಲೆ ಪರೀಕ್ಷೆಗಳು ಬಿಗಿಯಾದವು.

ಆಗ ಕೆಲಸ ಮಾಡಿದವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಮೈಸೂರು ವಿಶ್ವವಿದ್ಯಾಲಯದ ಡಾ. ಕೆ. ಎಂ. ಸಫೀಉಲ್ಲಾ ಅವರು ಸಜ್ಜೆ, ಜೋಳ, ರಾಗಿಯ ಈ ರೋಗದ ಬೆನ್ನುಹತ್ತಿ ಹೆಸರಾದವರು. 1972ರಲ್ಲಿ ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಹುಟ್ಟಿತು. ಅಲ್ಲಿನವರು ರೋಗಕ್ಕೆ ತುತ್ತಾಗುವ ಸಜ್ಜೆಯನ್ನು ಮೊದಲು ಸಾಲಾಗಿ ಬಿತ್ತಿ, ಅದಕ್ಕೆ ರೋಗ ಹಚ್ಚಿ, ಆಮೇಲೆ ನಡುವಿನ ಸಾಲುಗಳಲ್ಲಿ ಪರೀಕ್ಷೆಯ ತಳಿ ಬಿತ್ತುವ ಪದ್ಧತಿ ಮಾಡಿದರು. ಆ ಜರಡಿ ದಾಟಿದ ಡಬ್ಲ್ಯುಸಿ-ಸಿ75 ಎಂಬ ಸಜ್ಜೆ 1982ರಲ್ಲಿ ರೈತರಿಗೆ ಸಿಕ್ಕಿತು. ಅದು ಹೈಬ್ರಿಡ್ ಅಲ್ಲದ್ದರಿಂದ ರೈತ ತನ್ನ ಹೊಲದ ಬೀಜವನ್ನೇ ಎತ್ತಿಟ್ಟು ಬಿತ್ತಬಹುದಿತ್ತು. ದೇವದುರ್ಗದ ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆ ಬಿತ್ತುವವರು ಇಂದಿಗೂ ತಳಿ ಆರಿಸುವ ಮುಂಚೆ ಕೇದಿಗೆ ರೋಗದ ಮಾತು ಕೇಳಲೇಬೇಕು. ಬೀಜಕ್ಕೆ ಮೆಟಲಾಕ್ಸಿಲ್ ಔಷಧಿ ಲೇಪಿಸಿ ಬಿತ್ತುವ ಶಿಫಾರಸೂ ಇದೆ.

ಇನ್ನೂ ಒಂದು ಸಂಗತಿ. ಈ ಕೇದಿಗೆ ರೋಗದ ಜೀವಿ ಅಸಲು ಶಿಲೀಂಧ್ರವಲ್ಲ, ದೂರದ ಬೇರೆ ವಂಶ ಎಂದು ವಿಜ್ಞಾನಿಗಳು ಈಗ ಹೇಳುತ್ತಾರೆ. ಬೆಳೆ ಕಳಕೊಂಡವನಿಗೆ ವಂಶಾವಳಿ ಕಟ್ಟಿಕೊಂಡು ಏನಾಗಬೇಕು? ಜರಡಿ ಹಿಡಿಯುವ ದಾರಿ ಎರಡಕ್ಕೂ ಒಂದೇ.

ರೋಗವೂ ಪಾಠ ಕಲಿಯುತ್ತದೆ

ತಳಿ ಗಟ್ಟಿಯಾದಷ್ಟೂ ಶಿಲೀಂಧ್ರ ಕೈಕಟ್ಟಿ ಕೂರುವುದಿಲ್ಲ. ಒಂದು ಬೀಗವನ್ನು ಎಲ್ಲ ಮನೆಗೂ ಹಾಕಿದರೆ ಕಳ್ಳನಿಗೆ ಒಂದೇ ಕೀಲಿ ಸಾಕು. ಕೊರಿಯಾ ದೇಶದಲ್ಲಿ 1970ರ ದಶಕದಲ್ಲಿ ತೊಂಗಿಲ್ ಎಂಬ ಭತ್ತ ಬಂತು. ಇಳುವರಿಯೂ ಇತ್ತು, ಬೆಂಕಿ ರೋಗ ತಡೆಯುವ ಶಕ್ತಿಯೂ ಇತ್ತು. ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಎಲ್ಲರೂ ಅದನ್ನೇ ಹಾಕಿದರು. 1978ರಲ್ಲಿ ಶಿಲೀಂಧ್ರದ ಹೊಸ ಪಂಗಡ ಎದ್ದು ಅದೇ ತಳಿಯನ್ನು ಸುಟ್ಟಿತು.

ಚೀನಾದ ಯುನ್ನಾನ್ ಪ್ರಾಂತದವರು ಬೇರೆ ದಾರಿ ಹಿಡಿದರು. ಬೆಂಕಿ ರೋಗಕ್ಕೆ ತುತ್ತಾಗುವ ಅಂಟಕ್ಕಿಯ ಸಾಲುಗಳನ್ನು ರೋಗ ತಡೆಯುವ ಹೈಬ್ರಿಡ್ ಭತ್ತದ ಸಾಲುಗಳ ನಡುವೆ ನಾಟಿ ಮಾಡಿದರು. 1998 ಮತ್ತು 1999ರಲ್ಲಿ ಸಾವಿರಾರು ಹೆಕ್ಟೇರಿನಲ್ಲಿ ಇದನ್ನು ಮಾಡಿ ನೋಡಿದಾಗ ಅಂಟಕ್ಕಿಯ ಮೇಲೆ ರೋಗ ಶೇಕಡಾ 94ರಷ್ಟು ಇಳಿಯಿತು. ಬೀಜಕಣ ಹಾರಿ ಹೋಗಿ ಕೂತ ಪಕ್ಕದ ಗಿಡ ಅದಕ್ಕೆ ಊಟ ಕೊಡಲಿಲ್ಲ, ಅಷ್ಟೇ ಗುಟ್ಟು. ಮಷೀನಿನಲ್ಲಿ ಕೊಯ್ಯುವ ನಮ್ಮ ಭಾಗದಲ್ಲಿ ಸಾಲು ಬೆರೆಸುವುದು ಕಷ್ಟ. ಮಿಲ್ಲಿನವರೂ ಬೆರಕೆ ನೆಲ್ಲು ಕೊಳ್ಳುವುದಿಲ್ಲ. ಆದರೆ ಹತ್ತು ಎಕರೆ ಇರುವವನು ಒಂದೇ ತಳಿಯ ಬದಲು ಎರಡು ತಳಿಗೆ ಹೊಲ ಹಂಚಬಹುದು. ಪಕ್ಕದ ಹೊಲದವನು ಹಾಕಿದ್ದನ್ನು ಕೇಳಿ ಬೇರೆಯದು ಹಾಕಬಹುದು. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಜರಡಿಗೂ ಮಿತಿ ಉಂಟು ಎಂಬುದನ್ನು ಮುಚ್ಚಿಡಬಾರದು. ನೆಲ್ಲಿನ ಬುಡದಲ್ಲಿ ಹಾವಿನ ಪೊರೆಯಂಥ ಕಲೆ ಮಾಡುವ ಎಲೆಕವಚದ ರೋಗವಿದೆಯಲ್ಲ, ಅದನ್ನು ಪೂರ್ತಿ ತಡೆಯುವ ತಳಿ ಜಗತ್ತಿನಲ್ಲೇ ಇನ್ನೂ ಸಿಕ್ಕಿಲ್ಲ. ಅಲ್ಲಿ ಯೂರಿಯಾ ಕಡಿಮೆ ಮಾಡಿ, ಒತ್ತೊತ್ತಾಗಿ ನಾಟಿ ಮಾಡದೆ ಇರುವುದೇ ಮೊದಲ ಮದ್ದು. ಬೆಂಕಿ ರೋಗಕ್ಕೂ ಆ ಮಾತು ಸಲ್ಲುತ್ತದೆ. ತಳಿ ಎಷ್ಟೇ ಚಲೋ ಇರಲಿ, ಚೀಲಗಟ್ಟಲೆ ಯೂರಿಯಾ ಸುರಿದರೆ ರೋಗದ ಮಡಿಯನ್ನೇ ಹೊಲದಲ್ಲಿ ಮಾಡಿಕೊಂಡಂತೆ.

ಚೀಟಿಯಲ್ಲಿ ಏನಿದೆ, ಏನಿಲ್ಲ

ಈಗ ಮತ್ತೆ ಅಂಗಡಿಗೆ ಬರೋಣ. 1966ರ ಬೀಜ ಕಾಯಿದೆಯಂತೆ ಬೀಜದ ಚೀಲಕ್ಕೆ ಚೀಟಿ ಇರಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ತಳಿಯ ಹೆಸರಿದೆ, ಶುದ್ಧತೆ ಇದೆ, ಪರೀಕ್ಷೆಯ ತಾರೀಖಿದೆ. ಮೊಳಕೆ ಎಷ್ಟು ಎಂಬುದಿದೆ. ಭತ್ತಕ್ಕೆ ಕನಿಷ್ಠ ಶೇಕಡಾ 80 ಇರಲೇಬೇಕು. ಬೆಂಕಿ ರೋಗಕ್ಕೆ ಈ ತಳಿಯ ಅಂಕ ಎಷ್ಟು, ಅದನ್ನು ಯಾವ ಊರಿನಲ್ಲಿ, ಯಾವ ವರ್ಷ ಪರೀಕ್ಷಿಸಿದರು ಎಂಬುದು ಮಾತ್ರ ಇಲ್ಲ. ಬೀಜ ಮೊಳೆಯುತ್ತದೆಂದು ಖಾತ್ರಿ ಕೊಡುತ್ತಾರೆ, ಮೊಳೆತದ್ದು ಉಳಿಯುತ್ತದೆಯೇ ಎಂಬ ಸುದ್ದಿ ಇಲ್ಲ.

ಚೀಲದ ಮೇಲೆ ದಪ್ಪಕ್ಷರದಲ್ಲಿ “ರೋಗನಿರೋಧಕ” ಎಂದು ಅಚ್ಚು ಹಾಕಿಸುವವರಿಗೆ ಕೊರತೆಯಿಲ್ಲ. ಯಾವ ರೋಗಕ್ಕೆ ಸ್ವಾಮಿ? ಸುಧಾರಿತ ಸಾಂಬಾ ಮಸೂರಿ ಎಂಬ ಒಳ್ಳೆಯ ತಳಿ 2008ರಲ್ಲಿ ಬಂತು. ಅದು ದುಂಡಾಣು ಅಂಗಮಾರಿ ರೋಗವನ್ನು ತಡೆಯುತ್ತದೆ. ಬೆಂಕಿ ರೋಗ ಬೇರೆ. ಅದಕ್ಕೆ ಈ ತಳಿಯೂ ತನ್ನ ತಾಯಿಯಂತೆಯೇ ಸೋಲುತ್ತದೆ. ಒಂದು ರೋಗಕ್ಕೆ ಕೊಡೆ ಹಿಡಿದವನು ಇನ್ನೊಂದು ರೋಗದ ಮಳೆಯಲ್ಲಿ ತೋಯುತ್ತಾನೆ. ಈ ವ್ಯತ್ಯಾಸ ಕೌಂಟರಿನ ಹಿಂದಿರುವವನಿಗೂ ಗೊತ್ತಿಲ್ಲದಿದ್ದರೆ ರೈತನಿಗೆ ಹೇಳುವವರು ಯಾರು?

ನಾವು ಕೇಳುವುದು ದೊಡ್ಡದೇನಲ್ಲ. ಬಿತ್ತನೆಯ ಮುಂಚೆ, ಮೇ ತಿಂಗಳಿನಲ್ಲೇ, ಮಾನ್ವಿ, ದೇವದುರ್ಗದ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಒಂದು ಹಲಗೆ ಹಾಕಲಿ. ಈ ಭಾಗದಲ್ಲಿ ಮಾರಾಟವಾಗುವ ಹತ್ತು-ಹದಿನೈದು ತಳಿಗಳ ಹೆಸರು, ಎದುರಿಗೆ ಬೆಂಕಿ ರೋಗದ ಅಂಕ, ಎಲೆಗೆ ಒಂದು, ಕುತ್ತಿಗೆಗೆ ಒಂದು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಬೀಜದ ಅಂಗಡಿಗಳಲ್ಲೂ ಅದರ ಒಂದು ಪ್ರತಿ ತೂಗುಹಾಕಲಿ. ಕಾಲುವೆಯ ಕೊನೆ ಭಾಗದಲ್ಲಿ ತಡವಾಗಿ ನಾಟಿ ಮಾಡುವ ಊರುಗಳಲ್ಲಿ, ಅಲ್ಲಿನ ಇಬ್ಬನಿಯಲ್ಲೇ, ಒಂದೊಂದು ಪರೀಕ್ಷೆಯ ಮಡಿ ಹಾಕಿ ರೈತರನ್ನು ಕರೆದು ತೋರಿಸಲಿ. 9 ಅಂಕದ ಸುಟ್ಟ ಸಾಲಿನ ಪಕ್ಕದಲ್ಲಿ 1 ಅಂಕದ ಹಸಿರು ಸಾಲು ನಿಂತಿದ್ದನ್ನು ಕಣ್ಣಾರೆ ಕಂಡ ರೈತನಿಗೆ ಭಾಷಣ ಬೇಕಾಗುವುದಿಲ್ಲ.

ಅಲ್ಲಿಯವರೆಗೆ ಅಂಗಡಿಯ ಅಣ್ಣಂದಿರಿಗೆ ಒಂದು ಮಾತು. ಬೀಜಕ್ಕೆ ಬಂದ ರೈತ “ಯಾವುದು ಚಲೋ ಐತ್ರಿ?” ಎಂದರೆ ಕಮಿಷನ್ ಹೆಚ್ಚಿನ ಚೀಲದ ಕಡೆ ಕೈ ಹೋಗದಿರಲಿ. ಆ ಚೀಲ ಕೈಕೊಟ್ಟರೆ ಮುಳುಗುವುದು ನಿಮ್ಮದೇ ಉದ್ರಿ. ರೈತ ಬಂಧುಗಳೂ ಅಂಗಡಿಯ ಮೆಟ್ಟಿಲು ಇಳಿಯುವ ಮುಂಚೆ ಮೂರು ಪ್ರಶ್ನೆ ಕೇಳಲಿ. ಯಾವ ರೋಗ ತಡೀತೈತಿ? ಎಲ್ಲಿ ಪರೀಕ್ಷೆ ಮಾಡ್ಯಾರ? ನಮ್ಮೂರಾಗ ಇದನ್ನ ಎಷ್ಟು ಜನ ಹಾಕ್ಯಾರ? ಮೂರನೆಯದಕ್ಕೆ “ಎಲ್ಲಾರೂ ಹಾಕ್ಯಾರ್ರಿ” ಎಂಬ ಉತ್ತರ ಬಂದರೆ, ಇನ್ನೊಂದು ತಳಿ ತೋರಿಸಲು ಹೇಳುವುದೇ ಜಾಣತನ.

ರೋಗದ ಮಡಿಯಲ್ಲಿ ವಿಜ್ಞಾನಿಗಳು ಹಾಕಿದ ಅಂಕ ವಿಶ್ವವಿದ್ಯಾಲಯದ ವರದಿಯೊಳಗೇ ಉಳಿಯಬಾರದು. ಅದು ಲಿಂಗಸುಗೂರು ರಸ್ತೆಯಿಂದ ಹೊರಟು ಮಾನ್ವಿ ಬಸ್ಸಿನ ಹಿಂದಿನ ಸೀಟಿನವರೆಗೆ ಬರಬೇಕು. ಕೃಷಿ ಇಲಾಖೆಯವರು ಬರುವ ಬಿತ್ತನೆಗೆ ಮುಂಚೆ ಇತ್ತ ಗಮನ ಹರಿಸುವರೇ?